ಹೌದಿಗೆ ಅಡ್ಡ, ಇಲ್ಲಕ್ಕೆ ಉದ್ದ

ಅಲ್ಬೇನಿಯಾದ ನಮ್ಮ ಊರಿನಲ್ಲಿ ಹೌದೆನ್ನಲು
ತಲೆಯನ್ನು ಅಡ್ಡಡ್ಡ ಆಡಿಸುತ್ತೇವೆ,
ಇಲ್ಲ ಅನ್ನಬೇಕಾದರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ.
ಇಟಲಿಯಿಂದ ಬಂದ ನಿರ್ದೇಶಕನಿಗೆ
ಇದನ್ನು ಯಾರೂ ಹೇಳಿರಲಿಲ್ಲ.

ಅವನು ಬಂದದ್ದು ನಗೆಚಿತ್ರ ತೆಗೆಯಲು.
ಹನ್ನೊಂದು ವರ್ಷದ ಹಿಂದೆ ನಮ್ಮ ಚೌಕದಲ್ಲಿ
ಉರುಳಿದ ನಾಯಕನ ಕಂಚಿನ ಪ್ರತಿಮೆ
ಮತ್ತೆ ಉರುಳಬೇಕಿತ್ತು, ಈ ಸಲ ರಟ್ಟಿನಲ್ಲಿ,
ಒಳಗೆ ಥರ್ಮಾಕೋಲು, ಮೇಲೆ ಕಂದು ಬಣ್ಣ.
ಮೂಗು ಮಾತ್ರ ಅಸಲಿಗಿಂತ ಚೆನ್ನಾಗಿತ್ತು.

ಅಜ್ಜ ರಾಕಿಪ್‌ನನ್ನು ಕೇಳಿದ: ಚಪ್ಪಾಳೆ ತಟ್ಟುತ್ತೀಯಾ?
ಆ ಪ್ರತಿಮೆಯ ಬೂಟನ್ನು ಹತ್ತೊಂಬತ್ತು ವರ್ಷ
ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದ ಮನುಷ್ಯ
ಖಂಡಿತ ಇಲ್ಲ ಅಂತ ತಲೆ ಮೇಲೆ ಕೆಳಗೆ ಮಾಡಿದ.
ಭೇಷ್ ಅಂದ ನಿರ್ದೇಶಕ, ಹೆಸರು ಬರೆದುಕೊಂಡ.

ಅಜ್ಜಿ ಬೆಹಿಯೆಯನ್ನು ಕೇಳಿದ: ಅಳುತ್ತೀಯಾ?
ನಾನ್ಯಾಕೆ ಅಳಲಿ, ಅವತ್ತು ಹಗ್ಗದ ತುದಿ ಹಿಡಿದವಳು ನಾನು,
ಅಂಗೈ ಸುಲಿದುಹೋಗಿತ್ತು, ಅನ್ನುವುದನ್ನೆಲ್ಲ
ಒಂದೇ ಒಂದು ಮೇಲೆ-ಕೆಳಗಿನಲ್ಲಿ ಹೇಳಿದಳು.
ಅವಳೂ ಪಟ್ಟಿ ಸೇರಿದಳು.
ದಿನಕ್ಕೆ ಎರಡು ಸಾವಿರ ಲೆಕ್, ಮಧ್ಯಾಹ್ನದ ಊಟ.
ದುಡ್ಡಿನ ಮಾತು ಬಂದ ಮೇಲೆ
ಇಬ್ಬರೂ ತಲೆ ಆಡಿಸುವುದನ್ನೇ ನಿಲ್ಲಿಸಿದರು.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ.
ಇವರು ಹನ್ನೊಂದು ವರ್ಷ ಉಂಡರು, ಮಲಗಿದರು,
ಜಗಳ ಮಾತ್ರ ಎದ್ದೇ ಕೂತಿತ್ತು
ಒಲೆಯ ಪಕ್ಕ, ಮನೆಯ ಹಿರಿಯನ ಹಾಗೆ.
"ಉಪ್ಪು ಕೊಡಲು ಹೇಳು ನಿನ್ನ ಅಜ್ಜಿಗೆ."
"ಉಪ್ಪು ಅವನ ನಾಯಕನ ಜೊತೆಗೇ ಹೋಯಿತು ಅಂತ ಹೇಳು."
ನಡುವೆ ನಾನು, ಹನ್ನೆರಡರ ಹುಡುಗಿ,
ಎರಡು ದೇಶಗಳ ರಾಯಭಾರಿ, ಕೈಯಲ್ಲಿ ಉಪ್ಪಿನ ಡಬ್ಬಿ.

ರಾಜಕೀಯ ಅಂತ ಹೊರಗಿನವರಿಗೆ ಹೇಳುತ್ತಿದ್ದೆವು.
ಒಳಗಿನದು ಬೇರೆ. ಪ್ರತಿಮೆ ಬಿದ್ದ ಸಂಜೆಯೇ
ಚಿಕ್ಕಪ್ಪ ಪೆಟ್ರಿಟ್ ಗದ್ದಲದ ಬೆನ್ನೇರಿ
ಗುಡ್ಡ ದಾಟಿ ಗ್ರೀಸಿಗೆ ಹೋದ,
ಮೊಣಕೈ ಬಿಚ್ಚಿದ ಕಂದು ಸ್ವೆಟರಿನಲ್ಲಿ.
ನಾಳೆ ಹೊಲಿದುಕೊಡುತ್ತೇನೆ ಅಂದಿದ್ದಳು ಅಜ್ಜಿ.
ಎರಡು ಪತ್ರ, ಒಂದು ಡಬ್ಬಿ ಆಲಿವ್,
ಆಮೇಲೆ ಏನೂ ಇಲ್ಲ.

ರಟ್ಟಿನ ನಾಯಕ ಒಂದೇ ಬೆಳಗಿನಲ್ಲಿ ಏಳು ಸಲ ಬಿದ್ದ.
ಅಸಲಿಗೆ ಮೂರು ಗಂಟೆ, ಒಂದು ಟ್ರ್ಯಾಕ್ಟರು ಬೇಕಾಗಿತ್ತು.
ಒಮ್ಮೆ ಬರೀ ಗಾಳಿಗೇ ಬಿದ್ದ, ಕ್ಯಾಮೆರಾ ತಿರುಗುವ ಮೊದಲೇ.
ಒಮ್ಮೆ ತೋಳು ಕಿತ್ತುಬಂದು ಬೇಕರಿಯ ಬಾಗಿಲಿಗೆ ಒರಗಿತು,
ಗಿರಾಕಿಯೊಬ್ಬ ಅಭ್ಯಾಸಬಲದಿಂದ ಟೋಪಿ ತೆಗೆದ.
ಅಜ್ಜ ಚಪ್ಪಾಳೆ ತಟ್ಟಿದ, ಅಂಗೈಯ ಹಿಟ್ಟು ಕೊಡವುವವನ ಹಾಗೆ.
ಅಜ್ಜಿಗೆ ಕಣ್ಣೀರು ಬರಲಿಲ್ಲ. ಈರುಳ್ಳಿ ತಂದುಕೊಟ್ಟರು,
ಎಲ್ಲಿ ತಂದಿರಿ, ಎಷ್ಟು ಕೊಟ್ಟಿರಿ ಅಂತ ಕೇಳಿದಳು.

ಏಳನೆಯ ಸಲ
ಬಾಡಿಗೆ ಗುಂಪಿನ ಯಾರೋ ಹುಡುಗ
ಅವಳ ಮುಂದೆ ಹಾದು ಓಡಿದ.
ಹಳೆಯ ಕಾಲಕ್ಕೆ ಒಪ್ಪಲಿ ಅಂತ ಅವರು ತೊಡಿಸಿದ್ದ
ಕಂದು ಸ್ವೆಟರು. ಮೊಣಕೈಯಲ್ಲಿ ತೂತು.

ಕಟ್ ಅಂದರು. ಭೇಷ್ ಅಂದರು. ಜನ ಊಟಕ್ಕೆ ಹೋದರು.
ಅಜ್ಜಿಯ ಅಳು ಮುಗಿಯಲಿಲ್ಲ.
ಅಜ್ಜ ಎತ್ತಿದ ಕೈ ಎತ್ತಿದಂತೆ ನಿಂತಿದ್ದ,
ತಾಗಿಸಲೂ ಆಗದೆ, ಇಳಿಸಲೂ ಆಗದೆ.
ಆಮೇಲೆ ಬಂದ, ನನ್ನನ್ನು ದಾಟಿಕೊಂಡು,
ನೇರ ಅವಳಿಗೇ ಹೇಳಿದ:
"ಸೂಪು ಆರಿಹೋಗುತ್ತದೆ."

ಚಿತ್ರ ಬಂದದ್ದು ಮರುವರ್ಷದ ಚಳಿಯಲ್ಲಿ.
ಎಲ್ಲರೂ ಕೋಟು ಬಿಚ್ಚದೆ ಕೂತು ನೋಡಿದೆವು.
ನಮ್ಮದು ಎರಡು ಸೆಕೆಂಡು:
ಅಜ್ಜಿಯ ಮುಖ, ಅಂಚಿನಲ್ಲಿ ಯಾರದೋ ಎರಡು ಕೈ.
ಇದು ನಗುವ ಜಾಗ ಅಂತ ಸಂಗೀತ ಹೇಳಿತು,
ಊರು ನಕ್ಕಿತು. ನಾನೂ ನಕ್ಕೆ.
ಕತ್ತಲಲ್ಲಿ ಅಜ್ಜಿ ಕೇಳಿದಳು:
"ಅವನು ಎಲ್ಲಾದರೂ ಇದನ್ನು ನೋಡಿರಬಹುದಾ?"
ಅಜ್ಜ ತಲೆಯಾಡಿಸಿದ.
ಅಡ್ಡವೋ ಉದ್ದವೋ, ಪರದೆಯಲ್ಲಿ ಆಗ ರಾತ್ರಿ,
ನನಗೆ ಕಾಣಲಿಲ್ಲ.
ಅವಳಿಗೆ ಕಂಡಿರಬೇಕು.
ಕೋಟಿನ ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದು
ಅರ್ಧ ಅವನ ಅಂಗೈಗೆ ಸುರಿದಳು.